ಕ್ಯಾನನ್, ಪಿ-38, ಆರ್‌ಸಿಎ: ಕೊಡಗಿನ ಮಳೆಗೆ ಬಾಳುವ ಪಿನ್ ಯಾವುದು?

ಮೈಕಿಗೆ, ಸ್ಪೀಕರಿಗೆ ಹಾಕುವ ವಯರ್ ಮಡಿಕೇರಿಯಲ್ಲೂ ಸಿಗುತ್ತದೆ, ಗೋಣಿಕೊಪ್ಪದಲ್ಲೂ ಸಿಗುತ್ತದೆ. ಕಷ್ಟ ಇರುವುದು ಅದರ ತುದಿಗೆ ಹಾಕುವ ಪಿನ್ನಿನಲ್ಲಿ. ಅಂಗಡಿಯವರು ಡಬ್ಬದಿಂದ ಒಂದು ಹಿಡಿ ತೆಗೆದು ಗಾಜಿನ ಮೇಲೆ ಸುರಿದು, "ಯಾವುದು ಬೇಕೋ ಆರಿಸಿಕೊಳ್ಳಿ" ಅನ್ನುತ್ತಾರೆ. ಎಲ್ಲವೂ ಹೊಳೆಯುತ್ತಿರುತ್ತವೆ. ಅದರಲ್ಲಿ ಯಾವುದು ಒಂದು ಮಳೆಗಾಲ ದಾಟುತ್ತದೆ, ಯಾವುದು ಭಾಷಣದ ನಡುವೆ ಕರಕರ ಅನ್ನುತ್ತದೆ ಅಂತ ಹೊಳಪು ನೋಡಿ ಹೇಳೋಕಾಗಲ್ಲ.

ನಾನು ಮೂರ್ನಾಡು ಕಡೆಯವನು. ಸಣ್ಣ ಮೈಕ್ ಸೆಟ್ ಇಟ್ಟುಕೊಂಡಿದ್ದೇನೆ. ಎಂಟು ಚಾನೆಲ್ಲಿನ ಮಿಕ್ಸರ್, ಎರಡು ಸ್ಪೀಕರ್ ಬಾಕ್ಸ್, ನಾಲ್ಕು ಮೈಕ್, ಅಷ್ಟೇ. ಶಾಲೆ ವಾರ್ಷಿಕೋತ್ಸವ, ಸಂಘದ ಸಭೆ, ಆಗಾಗ ಯಾರದಾದರೂ ಐನ್‌ಮನೆಯಲ್ಲಿ (ಮನೆತನದ ಮೂಲಮನೆ) ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್ ರೆಕಾರ್ಡ್ ಮಾಡುವ ಕೆಲಸ. ವಯರುಗಳನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ. ರೆಡಿಮೇಡ್ ಕೇಬಲ್ಲಿನಲ್ಲಿ ಪಿನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿರುತ್ತಾರೆ. ಕೆಟ್ಟರೆ ಬಿಚ್ಚೋಕೆ ಬರಲ್ಲ, ಕತ್ತರಿಸಿ ಎಸೆಯಬೇಕು. ಸ್ವಂತ ಮಾಡಿದ್ದಾದರೆ ಹತ್ತು ನಿಮಿಷದಲ್ಲಿ ಬಿಚ್ಚಿ ಸರಿಮಾಡಬಹುದು.

ಮೊದಲೇ ಒಂದು ಮಾತು. ಒಳ್ಳೆ ಪಿನ್ ಹಾಕಿದರೆ ಧ್ವನಿ ಇಂಪಾಗುತ್ತದೆ ಅನ್ನುವವರಿದ್ದಾರೆ. ನನ್ನ ಕಿವಿಗಂತೂ ಹಾಗೆ ಕೇಳಿಸಿಲ್ಲ. ಪಿನ್ ಸರಿಯಾಗಿ ತಾಗಿದರೆ ಸದ್ದು ಬರುತ್ತದೆ, ತಾಗದಿದ್ದರೆ ಕರಕರ ಅನ್ನುತ್ತದೆ. ದುಡ್ಡು ಕೊಡುವುದು ಆ ತಾಗುವಿಕೆ ವರ್ಷಗಟ್ಟಲೆ ಉಳಿಯಲಿ ಅಂತ. ಹಾಗಾಗಿ ನಾನು ಹೋಲಿಸುವುದು ಮೂರೇ ವಿಷಯ: ವಯರನ್ನು ಹೇಗೆ ಹಿಡಿಯುತ್ತದೆ, ಒಳಗಿನ ಲೋಹ ಯಾವುದು, ಥಂಡಿಗೆ ಏನಾಗುತ್ತದೆ.

ಹೋದ ಕಕ್ಕಡದ ಮಳೆ ತಿಂಗಳಲ್ಲಿ ಒಂದು ಅಗ್ಗದ ಪಿನ್ ಬಿಚ್ಚಿದ್ದೆ. ಡಬ್ಬದಲ್ಲಿ ಬಿಡಿಯಾಗಿ ಮಾರುವ, ಹೆಸರಿಲ್ಲದ ಮಾಲು. ಹಿಡಿ ತಿರುಪಿ ತೆಗೆದಾಗ ಒಳಗೆ ವಯರಿನ ಹೆಣಿಗೆ, ಅಂದರೆ ಸುತ್ತ ಹೆಣೆದ ತಾಮ್ರದ ಎಳೆ, ಕೆರೆ ಪಾಚಿಯ ಹಸಿರಿಗೆ ತಿರುಗಿತ್ತು. ವಯರನ್ನು ಹಿಡಿದಿದ್ದು ಎರಡು ತೆಳು ತಗಡಿನ ಕಿವಿ, ಇಕ್ಕಳದಲ್ಲಿ ಒತ್ತಿ ಮಡಚಿದ್ದು. ಅದರಲ್ಲಿ ಒಂದು ಕಿವಿ ಒಳಗಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಸೀಳಿ ತಾಮ್ರದವರೆಗೆ ಹೋಗಿತ್ತು. ತುದಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿದರೆ ಬುಡವನ್ನು ಬಿಟ್ಟು ತುದಿ ಒಂದೇ ಗಿರಗಿರ ತಿರುಗಿತು. ಮಧ್ಯದ ರಿವಿಟ್ ಸಡಿಲ. ಅದಕ್ಕೂ ಮೊದಲು ಎರಡು ಸಲ ಬೆಸುಗೆ ಬಿಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ಹಾಕಿದ್ದೆ. ತಪ್ಪು ನನ್ನ ಬೆಸುಗೆಯದಾಗಿರಲಿಲ್ಲ.

ಕ್ಯಾನನ್

ಮೈಕ್ ವಯರಿನ ಪಿನ್ ಇದು. ಅಂಗಡಿಗೆ ಹೋಗಿ ಅದರ ಸರಿಯಾದ ಹೆಸರು ಎಕ್ಸ್‌ಎಲ್‌ಆರ್ ಅಂದರೆ ಕೆಲವರು ಮುಖ ನೋಡುತ್ತಾರೆ. ಕ್ಯಾನನ್ ಅನ್ನಿ, ಕೂಡಲೇ ಕೊಡುತ್ತಾರೆ. ಜೇಮ್ಸ್ ಕ್ಯಾನನ್ ಎಂಬಾತ ಲಾಸ್ ಏಂಜಲಿಸ್‌ನಲ್ಲಿ 1915ರಲ್ಲಿ ಶುರುಮಾಡಿದ ಕಂಪನಿ ತಂದ ಪಿನ್ ಇದು. ಆ ಹೆಸರು ನಮ್ಮ ಕಡೆ ಇನ್ನೂ ಬಾಯಲ್ಲಿದೆ. ಮೂರು ಪಿನ್. 1ಕ್ಕೆ ಹೆಣಿಗೆ, 2ಕ್ಕೆ ಪ್ಲಸ್, 3ಕ್ಕೆ ಮೈನಸ್. ಹಿಂದೆ ಬೆಸುಗೆ ಹಾಕುವ ಬಟ್ಟಲುಗಳ ಪಕ್ಕ ನಂಬರ್ ಅಚ್ಚಾಗಿರುತ್ತದೆ. ಅದು ಓದೋಕೇ ಬಾರದಷ್ಟು ಮಸುಕಾಗಿದ್ದರೆ ಆ ಪಿನ್ನನ್ನು ಅಲ್ಲೇ ಬಿಟ್ಟುಬಿಡಿ.

ಇದರಲ್ಲಿ ಎಲ್ಲರೂ ಹೇಳುವ ಹೆಸರು ನ್ಯೂಟ್ರಿಕ್. ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ದೇಶದ ಕಂಪನಿ, 1975ರದ್ದು. ಅವರ ಎನ್‌ಸಿ3ಎಫ್‌ಎಕ್ಸ್‌ಎಕ್ಸ್ ಹೆಣ್ಣು (ತೂತಿರುವುದು), ಎನ್‌ಸಿ3ಎಂಎಕ್ಸ್‌ಎಕ್ಸ್ ಗಂಡು (ಕಡ್ಡಿ ಇರುವುದು). ನಾನು ಇದನ್ನು ಮೆಚ್ಚುವುದು ಹೆಸರಿಗಲ್ಲ, ವಯರನ್ನು ಹಿಡಿಯುವ ರೀತಿಗೆ. ಒಳಗೆ ಸ್ಕ್ರೂ ಇಲ್ಲ. ಹಿಂದಿನ ಬೂಟನ್ನು, ಅಂದರೆ ವಯರ್ ತೂರುವ ಮುಚ್ಚಳವನ್ನು, ತಿರುಗಿಸಿ ಬಿಗಿ ಮಾಡಿದರೆ ಒಳಗಿನ ಪ್ಲಾಸ್ಟಿಕ್ ಬೆರಳುಗಳು ವಯರನ್ನು ಸುತ್ತಲಿಂದ ಸಮನಾಗಿ ಅಮುಕುತ್ತವೆ. 3.5 ಮಿಲಿಮೀಟರ್‌ನಿಂದ 8 ಮಿಲಿಮೀಟರ್ ದಪ್ಪದವರೆಗೆ ಯಾವ ವಯರಾದರೂ ನಡೆಯುತ್ತದೆ. ಮಾಮೂಲಿ ಮೈಕ್ ವಯರ್ 6 ಮಿಲಿಮೀಟರಿನ ಆಸುಪಾಸು ಇರುವುದರಿಂದ ತಲೆಬಿಸಿ ಇಲ್ಲ.

ಅಗ್ಗದ ಕ್ಯಾನನ್ನಿನಲ್ಲಿ ಇದೇ ಕೆಲಸಕ್ಕೆ ಎರಡು ಸಣ್ಣ ಸ್ಕ್ರೂ ಇರುತ್ತವೆ. ಹೊಸದರಲ್ಲಿ ಚೆನ್ನಾಗೇ ಹಿಡಿಯುತ್ತವೆ. ಮಳೆಗಾಲ ಕಳೆದ ಮೇಲೆ ನೋಡಿ, ಸ್ಕ್ರೂ ತಲೆ ತುಕ್ಕು ಹಿಡಿದು ಡ್ರೈವರ್ ಕೂರುವುದೇ ಇಲ್ಲ. ಹೆಣ್ಣು ಪಿನ್ನಿನ ಲಾಕ್ ಸ್ಪ್ರಿಂಗ್ ಕಥೆಯೂ ಅದೇ. ಒತ್ತಿದರೆ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಮೈಕಿನಿಂದ ವಯರ್ ಬಿಡಿಸಲು ಇಬ್ಬರು ಎಳೆದಾಡುವುದನ್ನು ನೀವೂ ಯಾವುದಾದರೂ ಸಭೆಯಲ್ಲಿ ನೋಡಿರುತ್ತೀರಿ.

ನಡುವಿನ ಆಯ್ಕೆ ಆಂಫಿನಾಲ್. ಅವರ ಆಡಿಯೋ ಪಿನ್ನುಗಳು ಸಾಮಾನ್ಯವಾಗಿ ನ್ಯೂಟ್ರಿಕ್‌ಗಿಂತ ಕಮ್ಮಿಗೆ ಸಿಗುತ್ತವೆ. ನನ್ನ ಹತ್ತಿರ ಆರು ಇವೆ, ನಾಲ್ಕು ವರ್ಷದಲ್ಲಿ ತಕರಾರು ಮಾಡಿಲ್ಲ. ರೀನ್ ಅಂತ ಇನ್ನೊಂದಿದೆ. ಅದು ನ್ಯೂಟ್ರಿಕ್‌ನವರದ್ದೇ ಅಗ್ಗದ ಬ್ರ್ಯಾಂಡ್. ನಮ್ಮ ದೇಶದ ಎಂಎಕ್ಸ್ ಹೆಚ್ಚುಕಮ್ಮಿ ಎಲ್ಲ ಅಂಗಡಿಯಲ್ಲೂ ಇದೆ. ಒಮ್ಮೆ ಸಿಕ್ಕಿಸಿ ಹಾಗೇ ಬಿಡುವ ಜಾಗಕ್ಕೆ ಅದು ಸಾಕು. ದಿನಾ ಬಿಚ್ಚಿ ಕಟ್ಟುವ ಮೈಕ್ ವಯರಿಗೆ ನಾನು ಮೊದಲೆರಡರಲ್ಲಿ ಒಂದನ್ನೇ ಹಾಕುತ್ತೇನೆ.

ಗಂಡು ಪಿನ್ನಿಗೆ ಅಗ್ಗದ್ದು, ಹೆಣ್ಣಿಗೆ ದುಬಾರಿಯದು ಹಾಕಿದರೂ ನಡೆಯುತ್ತದೆ, ದುಡ್ಡು ಬಿಗಿಯಿದ್ದರೆ. ಸ್ಪ್ರಿಂಗ್, ಲಾಕ್, ಒಳಗಿನ ಹಿಡಿತ ಎಲ್ಲ ಇರುವುದು ಹೆಣ್ಣಿನಲ್ಲಿ. ಮೈಕ್ ಹಿಡಿದು ಓಡಾಡುವವರ ಎಳೆತವೂ ಆ ತುದಿಗೇ ಬೀಳುತ್ತದೆ.

ಪಿ-38

6.35 ಮಿಲಿಮೀಟರಿನ ದೊಡ್ಡ ಜಾಕನ್ನು ಅಂಗಡಿಯಲ್ಲಿ ಪಿ-38 ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹುಟ್ಟಿದ್ದು. ಗಿಟಾರ್, ಕೀಬೋರ್ಡ್, ಮಿಕ್ಸರ್ ಎಲ್ಲದರಲ್ಲೂ ಇದೆ. ಮೋಸ ಅತಿ ಜಾಸ್ತಿ ಇರುವುದೂ ಇದರಲ್ಲೇ. ಹೊರಗಿನಿಂದ ಎಲ್ಲ ಒಂದೇ ತರ ಕಾಣುತ್ತವಲ್ಲ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಬುಡವನ್ನು ಒಂದು ಕೈಯಲ್ಲಿ, ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಚಿ. ಒಂದಿಷ್ಟು ಅಲುಗಿದರೂ ವಾಪಸ್ ಕೊಡಿ. ಅಗ್ಗದ ಪಿನ್ನುಗಳಲ್ಲಿ ತುದಿ, ಒಳಗಿನ ಕಡ್ಡಿ, ಬೆಸುಗೆಯ ಎಲೆ ಬೇರೆ ಬೇರೆ ಮಾಡಿ ರಿವಿಟ್ ಹೊಡೆದಿರುತ್ತಾರೆ. ಕಾವಲಿ ಕಾದಂತೆ ಬೆಸುಗೆಯ ಶಾಖ ಕಡ್ಡಿಯಲ್ಲಿ ಹರಿದಾಗ ನಡುವಿನ ಪ್ಲಾಸ್ಟಿಕ್ ಮೆತ್ತಗಾಗಿ ರಿವಿಟ್ ಸಡಿಲವಾಗುತ್ತದೆ. ಅಂದರೆ ಅಂಗಡಿಯಲ್ಲಿ ಗಟ್ಟಿ ಇದ್ದದ್ದು ನಿಮ್ಮ ಮೇಜಿನ ಮೇಲೆ ಹಾಳಾಗಬಹುದು. ಅದಕ್ಕೇ ಮೊದಲ ಸಲ ಒಂದು ಡಜನ್ ತರಬೇಡಿ. ಎರಡು ತಂದು, ಬೆಸುಗೆ ಹಾಕಿ, ಮತ್ತೆ ತಿರುಚಿ ನೋಡಿ.

ನ್ಯೂಟ್ರಿಕ್ ಎನ್‌ಪಿ2ಎಕ್ಸ್ ಮೋನೋ, ಎನ್‌ಪಿ3ಎಕ್ಸ್ ಸ್ಟೀರಿಯೋ. ಸ್ಟೀರಿಯೋದಲ್ಲಿ ತುದಿಗೂ ಬುಡಕ್ಕೂ ನಡುವೆ ಒಂದು ಉಂಗುರ ಹೆಚ್ಚು. ಇವುಗಳಿಗೆ 4ರಿಂದ 7 ಮಿಲಿಮೀಟರ್ ದಪ್ಪದ ವಯರ್ ಸರಿ. ದಪ್ಪ ಗಿಟಾರ್ ವಯರ್ ಕೊಂಡಾದ ಮೇಲೆ ಪಿನ್ನಿನೊಳಗೆ ತೂರುತ್ತಿಲ್ಲ ಅಂತ ಚಾಕುವಿನಲ್ಲಿ ಸಿಪ್ಪೆ ಕೆತ್ತಿದವರಲ್ಲಿ ನಾನೂ ಒಬ್ಬ. ಪಿನ್ ತರಿಸುವ ಮೊದಲು ವಯರಿನ ದಪ್ಪ ಅಳೆಯಿರಿ. ಷಿಕಾಗೊದ ಸ್ವಿಚ್‌ಕ್ರಾಫ್ಟ್ 1946ರಿಂದ ಇದೇ ಕೆಲಸದಲ್ಲಿದೆ, ಹಳೆ ಗಿಟಾರಿನವರು ಅದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಭಾರದ ಹಿತ್ತಾಳೆ ಪಿನ್. ನಮ್ಮ ಕಡೆ ತರಿಸುವುದು ಕಷ್ಟ, ಬೆಲೆಯೂ ಜಾಸ್ತಿ. ಅದಕ್ಕಾಗಿ ಪರದಾಡುವ ಅಗತ್ಯ ನನಗೆ ಕಂಡಿಲ್ಲ.

ಮೋನೋ ಬೇಕೋ ಸ್ಟೀರಿಯೋ ಬೇಕೋ ಅನ್ನುವುದು ಬ್ರ್ಯಾಂಡಿಗಿಂತ ದೊಡ್ಡ ಪ್ರಶ್ನೆ. ಒಂದು ಪುತ್ತರಿ ಹಬ್ಬದ ಕಾರ್ಯಕ್ರಮದಲ್ಲಿ ನೆಂಟರ ಹುಡುಗ ಒಂದು ವಯರ್ ತಂದಿದ್ದ. ಒಂದು ತುದಿಗೆ ಮೊಬೈಲ್ ಪಿನ್, ಇನ್ನೊಂದಕ್ಕೆ ಸ್ಟೀರಿಯೋ ಪಿ-38. ಮಿಕ್ಸರಿನ ಒಂದೇ ಚಾನೆಲ್ಲಿಗೆ ಸಿಕ್ಕಿಸಿದ. ತಾಳ, ಕೀಬೋರ್ಡ್ ಎಲ್ಲ ಕೇಳುತ್ತಿದೆ, ಹಾಡುವವರ ದನಿ ಮಾತ್ರ ಮಾಯ.

"ಅಣ್ಣಾ, ಇದು ಕರೋಕೆ ಹಾಡಾ?" ಅಂದ.

ಅಲ್ಲ. ಆ ಚಾನೆಲ್ ಬ್ಯಾಲೆನ್ಸ್ಡ್. ತುದಿಯಲ್ಲಿ ಬಂದಿದ್ದರಿಂದ ಉಂಗುರದಲ್ಲಿ ಬಂದಿದ್ದನ್ನು ಅದು ಕಳೆಯುತ್ತದೆ. ಎಡಕ್ಕೂ ಬಲಕ್ಕೂ ಸಮನಾಗಿ ಇರುವುದು ಗಾಯಕರ ದನಿ, ಅದೇ ಅಳಿಸಿಹೋಗುತ್ತದೆ. ಮೊಬೈಲಿನಿಂದ ಮಿಕ್ಸರಿಗೆ ಬೇಕಾದ್ದು ಎರಡು ಮೋನೋ ಪಿ-38, ಎರಡು ಚಾನೆಲ್ಲಿಗೆ. ದುಬಾರಿ ಸ್ಟೀರಿಯೋ ಪಿನ್ ಹಾಕಿದ್ದರೂ ಆವತ್ತು ದನಿ ಬರುತ್ತಿರಲಿಲ್ಲ.

ಆರ್‌ಸಿಎ ಮತ್ತು ಮೊಬೈಲ್ ಪಿನ್

ಆರ್‌ಸಿಎ ಅಂದರೆ ಟಿವಿ, ಡಿವಿಡಿಗೆ ಬರುತ್ತಿದ್ದ ಕೆಂಪು-ಬಿಳಿ ಪಿನ್. ರೇಡಿಯೊ ಕಾರ್ಪೊರೇಶನ್ ಆಫ್ ಅಮೆರಿಕಾದ ಹೆಸರು ಅದಕ್ಕೆ ಅಂಟಿಕೊಂಡಿದೆ. ಇದರಲ್ಲಿ ಹುಟ್ಟಿನಿಂದಲೇ ಒಂದು ದೋಷ. ಸಿಕ್ಕಿಸುವಾಗ ನಡುವಿನ ಪಿನ್ ಮೊದಲು ತಾಗುತ್ತದೆ, ಅರ್ತ್ ಆಮೇಲೆ. ಆ ಕ್ಷಣದಲ್ಲಿ ಬಾಕ್ಸಿನಿಂದ ಭರ್ರ್ ಅಂತ ಬರುತ್ತದೆ. ನ್ಯೂಟ್ರಿಕ್‌ನ ಪ್ರೊಫಿ ಆರ್‌ಸಿಎಯಲ್ಲಿ ಹೊರಗಿನ ಅರ್ತ್ ಬಳೆಗೆ ಸ್ಪ್ರಿಂಗ್ ಕೊಟ್ಟು ಅದೇ ಮೊದಲು ತಾಗುವ ಹಾಗೆ ಮಾಡಿದ್ದಾರೆ. ಚೆನ್ನಾಗಿದೆ, ಆದರೆ ಮನೆಯ ಆಂಪ್ಲಿಫೈಯರಿನ ಹಿಂದೆ ಒಮ್ಮೆ ಹಾಕಿ ಮರೆಯುವ ಪಿನ್ನಿಗೆ ಅಷ್ಟು ದುಡ್ಡು ಬೇಕಾ? ಸ್ವಿಚ್ ಆಫ್ ಮಾಡಿ ಸಿಕ್ಕಿಸಿದರೆ ಆಯ್ತು. ನಾನು ಮನೆಗೆ ರೀನ್ ಹಾಕಿದ್ದೇನೆ.

ತುಂಬ ಬಿಗಿಯಾಗಿ ಕಚ್ಚುವ ಆರ್‌ಸಿಎ ಒಳ್ಳೆಯದು ಅಂದುಕೊಳ್ಳಬೇಡಿ. ಹೊರಬಳೆ ಹೊರಳಿಸಿ ಲಾಕ್ ಮಾಡುವ ದೊಡ್ಡ ದಪ್ಪ ಪಿನ್ನುಗಳು ಬರುತ್ತವಲ್ಲ, ಅವನ್ನು ಎಳೆಯುವಾಗ ಹಳೆ ಆಂಪ್ಲಿಫೈಯರಿನ ಸಾಕೆಟ್ಟೇ ಕಿತ್ತು ಬರಬಹುದು. ಪಿನ್ ಹೋದರೆ ಬೇರೆ ಸಿಗುತ್ತದೆ, ಆ ಸಾಕೆಟ್ ಹುಡುಕುವುದು ಕಷ್ಟ.

ಮೊಬೈಲಿನ 3.5 ಮಿಲಿಮೀಟರ್ ಪಿನ್ನಿಗೆ, ಅಂದರೆ ಅಂಗಡಿಯವರ ಇಪಿ ಪಿನ್ನಿಗೆ, ನನ್ನ ಸಲಹೆ ಬೇರೆ: ಮಾಡಬೇಡಿ, ರೆಡಿಮೇಡ್ ಕೊಳ್ಳಿ. ಅಕ್ಕಿ ಕಾಳಿನಷ್ಟು ಜಾಗದಲ್ಲಿ ಮೂರು ಬೆಸುಗೆ ಹಾಕಬೇಕು. ದಪ್ಪ ವಯರ್ ಹೋಗುವುದಿಲ್ಲ. ಮಾಡಲೇಬೇಕು ಅಂದರೆ ರೀನ್ ಎನ್‌ವೈಎಸ್231, ಜೊತೆಗೆ 4 ಮಿಲಿಮೀಟರಿಗಿಂತ ತೆಳು ವಯರ್.

ಬಾಕ್ಸಿಗೆ ಸ್ಪೀಕಾನ್

ಆಂಪ್ಲಿಫೈಯರಿನಿಂದ ಬಾಕ್ಸಿಗೆ ಹೋಗುವ ವಯರಿಗೆ ಪಿ-38 ಹಾಕುವ ಕಾಲ ಮುಗಿಯಿತು. ಪವರ್ ಆನ್ ಇದ್ದಾಗ ಸಿಕ್ಕಿಸಿದರೆ ತುದಿ ಮತ್ತು ಅರ್ತ್ ಕ್ಷಣ ಕಾಲ ಕೂಡಿ ಶಾರ್ಟ್ ಆಗುತ್ತದೆ. 1987ರಲ್ಲಿ ನ್ಯೂಟ್ರಿಕ್‌ನವರು ತಂದ ಸ್ಪೀಕಾನ್‌ನಲ್ಲಿ ಈ ಭಯ ಇಲ್ಲ. ತಿರುಗಿಸಿದರೆ ಲಾಕ್ ಆಗುತ್ತದೆ. ಯಾರಾದರೂ ಎಡವಿದರೂ ಕಿತ್ತು ಬರುವುದಿಲ್ಲ. ಮಡಿಕೇರಿ ದಸರೆಯ ದಶಮಂಟಪಗಳ ಹಿಂದೆ ಆ ನೂಕುನುಗ್ಗಲಿನಲ್ಲಿ ಬಾಕ್ಸ್ ಹೊತ್ತು ಹೋಗುವ ಗಾಡಿಗಳನ್ನು ನೋಡಿದರೆ ಲಾಕ್ ಏಕೆ ಬೇಕು ಅಂತ ಯಾರೂ ಕೇಳುವುದಿಲ್ಲ.

ಎರಡು ಕಂಬಿಯದು, ನಾಲ್ಕು ಕಂಬಿಯದು ಅಂತ ಎರಡು ತರ. ಎರಡರ ವಯರ್ ಪಿನ್ ನಾಲ್ಕರ ಸಾಕೆಟ್ಟಿಗೆ ಹೋಗುತ್ತದೆ. ನಾಲ್ಕರದ್ದು ಎರಡರ ಸಾಕೆಟ್ಟಿಗೆ ಹೋಗುವುದಿಲ್ಲ. ನಿಮ್ಮ ಬಾಕ್ಸ್ ಹಿಂದೆ ಏನಿದೆ ನೋಡಿಕೊಂಡು ತನ್ನಿ. ಇದರಲ್ಲಿ ಬೆಸುಗೆ ಬೇಡ, ಸ್ಕ್ರೂ ಬಿಗಿದರೆ ಸಾಕು. ವಯರ್ ತುದಿಗೆ ಬೆಸುಗೆಯ ಸೀಸ ಸವರಿ ಸ್ಕ್ರೂ ಬಿಗಿಯುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಹಾಗೆ ಮಾಡಬೇಡಿ. ಸೀಸ ಮೆತ್ತಗಿನ ಲೋಹ, ಒತ್ತಡಕ್ಕೆ ನಿಧಾನವಾಗಿ ಜಾರುತ್ತದೆ. ಕೆಲವು ತಿಂಗಳಲ್ಲಿ ಸ್ಕ್ರೂ ಸಡಿಲ. ಎಳೆಗಳನ್ನು ಹಾಗೇ ಹೊಸೆದು ಬಿಗಿಯಿರಿ.

ಬಂಗಾರ, ಬೆಳ್ಳಿ, ನಿಕ್ಕಲ್

ಬೇರೆ ಊರಿನಲ್ಲಿ ಇದು ಬರೀ ಶೋಕಿಯ ಪ್ರಶ್ನೆ ಇರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ, ಬೀರುವಿನ ಬೆಲ್ಟಿಗೂ ಬೂಷ್ಟು ಬರುವ ನಮ್ಮಲ್ಲಿ ಹಾಗಲ್ಲ.

ಬೆಳ್ಳಿ ಗಾಳಿಯಲ್ಲಿನ ಗಂಧಕಕ್ಕೆ ಕಪ್ಪಾಗುತ್ತದೆ. ಮನೆಯ ಕಾಲ್ಗೆಜ್ಜೆ ನೋಡಿದ್ದೀರಲ್ಲ, ಅದೇ. ಆದರೆ ದಿನಾ ಹಾಕಿ ತೆಗೆಯುವ ಪಿನ್ನಿನಲ್ಲಿ ಆ ಕಪ್ಪು ಉಜ್ಜಿ ಹೋಗುತ್ತದೆ, ತೊಂದರೆ ಇಲ್ಲ. ನಿಕ್ಕಲ್ ಗಟ್ಟಿ, ಅಗ್ಗ, ಸವೆಯುವುದು ನಿಧಾನ. ಬಂಗಾರ ಕಪ್ಪಾಗುವುದೇ ಇಲ್ಲ, ಆದರೆ ಮೆತ್ತಗೆ. ಹಾಕಿ ತೆಗೆದು ಮಾಡಿದರೆ ಬೇಗ ಸವೆಯುತ್ತದೆ. ಅಗ್ಗದ ಪಿನ್ನುಗಳಲ್ಲಿ ಇರುವ ಬಂಗಾರ ಬಣ್ಣದ ಲೆಕ್ಕದಲ್ಲಿ ಮಾತ್ರ.

ನನ್ನ ವಯರುಗಳು ಮಳೆಗಾಲದಲ್ಲಿ ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿ ಮಲಗಿರುತ್ತವೆ. ಆಗ ಉಜ್ಜುವವರು ಯಾರು? ಹಾಗಾಗಿ ಕಂಡೆನ್ಸರ್ ಮೈಕಿನ ಎರಡು ವಯರಿಗೆ ಬಂಗಾರದ್ದು ಹಾಕಿದ್ದೇನೆ. ನ್ಯೂಟ್ರಿಕ್‌ನಲ್ಲಿ ಹೆಸರಿನ ಕೊನೆಗೆ ಬಿ ಇರುವ ಕಪ್ಪು ಪಿನ್ನಿಗೆ ಒಳಗೆ ಬಂಗಾರ. ಬಿ ಇಲ್ಲದ ಬಿಳಿ ಪಿನ್ನಿಗೆ ಬೆಳ್ಳಿ. ಕಂಡೆನ್ಸರ್ ಮೈಕಿಗೆ ವಯರಿನಲ್ಲೇ 48 ವೋಲ್ಟ್ ಹೋಗುತ್ತದೆ. ಡಿಸಿ ಕರೆಂಟೂ ಥಂಡಿಯೂ ಸೇರಿದರೆ ಲೋಹ ಬೇಗ ತಿನ್ನಿಸಿಕೊಳ್ಳುತ್ತದೆ. ಉಳಿದ ವಯರುಗಳಿಗೆ ಬೆಳ್ಳಿಯದೇ ಇದೆ. ಮಳೆ ಬಿಟ್ಟ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹತ್ತು ಸಲ ಹಾಕಿ ತೆಗೆದರೆ ಸರಿಯಾಗುತ್ತವೆ. ಥಂಡಿಗೆ ಹೆದರಿ ವಯರುಗಳನ್ನು ಒಲೆ ಮೇಲಿನ ಅಟ್ಟದಲ್ಲಿ ಇಟ್ಟವರೂ ಇದ್ದಾರೆ. ಹೊಗೆಯ ಜಿಡ್ಡು ಹತ್ತುತ್ತದೆ, ಬೇಡ. ಬಿಗಿ ಮುಚ್ಚಳದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು.

ನಕಲಿ ಹಿಡಿಯುವುದು

ದೊಡ್ಡ ಹೆಸರಿನ ನಕಲಿ ಮಾಲು ಬೇಕಾದಷ್ಟಿದೆ. ನಾನೂ ಒಮ್ಮೆ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಖುಷಿಪಟ್ಟು ಹತ್ತು ಕ್ಯಾನನ್ ತರಿಸಿದೆ. ಮೇಲೆ ಹೆಸರು ಸರಿಯಾಗೇ ಕೆತ್ತಿತ್ತು. ಬೆಸುಗೆ ಕಡ್ಡಿ ಮುಟ್ಟಿಸಿ ಎರಡು ಸೆಕೆಂಡಿಗೆ 2ನೇ ಪಿನ್ ಪಕ್ಕಕ್ಕೆ ವಾಲಿತು. ಒಳಗಿನ ಪ್ಲಾಸ್ಟಿಕ್ ಮೇಣದ ಹಾಗೆ ಕರಗಿತ್ತು. ಅಸಲಿಯಲ್ಲಿ ಆ ಭಾಗ ಗಾಜಿನ ಎಳೆ ಬೆರೆಸಿದ ನೈಲಾನ್, ಅಷ್ಟು ಬೇಗ ಬಗ್ಗುವುದಿಲ್ಲ.

ಅಂದಿನಿಂದ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗುತ್ತೇನೆ. ಪಿನ್ ಹಿತ್ತಾಳೆಯದಾದರೆ ಅಂಟುವುದಿಲ್ಲ. ನಿಕ್ಕಲ್ ಲೇಪ ಇದ್ದರೆ ಒಂಚೂರು ಎಳೆಯಬಹುದು, ಅದು ಪರವಾಗಿಲ್ಲ. ಟಪ್ ಅಂತ ಕಚ್ಚಿ ಹಿಡಿದರೆ ಒಳಗೆ ಕಬ್ಬಿಣ. ಕೊಡಗಿನಲ್ಲಿ ಕಬ್ಬಿಣದ ಪಿನ್ನಿನ ಗತಿ ಹೇಳಬೇಕಾಗಿಲ್ಲ. ಅಂಗಡಿಯವರು ಮೊದಲ ಸಲ ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಅವರೇ ಅಯಸ್ಕಾಂತ ಇಸಿದುಕೊಂಡು ಉಳಿದ ಡಬ್ಬ ಪರೀಕ್ಷೆ ಮಾಡುತ್ತಾರೆ.

ಎಲ್ಲಿಂದ, ಎಷ್ಟು

ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದಲ್ಲಿ ಮಾಮೂಲಿ ಮಾಲು ಸಿಗುತ್ತದೆ, ತುರ್ತಿಗೆ ಅದೇ ಗತಿ. ಬ್ರ್ಯಾಂಡ್ ಪಿನ್ ಬೇಕಾದರೆ ಮೈಸೂರು, ಇಲ್ಲವೇ ಬೆಂಗಳೂರಿನ ಎಸ್‌ಪಿ ರೋಡ್. ಅಲ್ಲಿ ನೂರೆಂಟು ಅಂಗಡಿ ಇವೆ. ಬಿಲ್ ಕೊಡುವ, ಪೊಟ್ಟಣದಲ್ಲಿ ಮಾಡೆಲ್ ನಂಬರ್ ಇರುವ ಅಂಗಡಿ ನೋಡಿಕೊಳ್ಳಿ. ಬೆಂಗಳೂರಲ್ಲಿ ಕೆಲಸದಲ್ಲಿರುವ ನೆಂಟರು ಹಬ್ಬಕ್ಕೆ ಬರುವಾಗ ತರಿಸುವುದು ಎಲ್ಲಕ್ಕಿಂತ ಸಲೀಸು. ಆದರೆ "ಒಳ್ಳೆ ಮೈಕ್ ಪಿನ್ ತಾ" ಅನ್ನಬೇಡಿ, ನಂಬರ್ ಬರೆದು ಕಳಿಸಿ.

ನನ್ನಂಥ ಸಣ್ಣ ಸೆಟ್ಟಿಗೆ ಮೊದಲ ಸಲ ನಾಲ್ಕು ಜೊತೆ ಕ್ಯಾನನ್, ನಾಲ್ಕು ಮೋನೋ ಪಿ-38, ನಾಲ್ಕು ಸ್ಪೀಕಾನ್ ಸಾಕು. ಮನೆಯಲ್ಲಿ ಬರೀ ಹಾಡು ಕೇಳುವವರಿಗೆ ನಾಲ್ಕು ಆರ್‌ಸಿಎ. ಜೊತೆಗೆ ಗೋಡೆಗೆ ಕೂರಿಸುವ ತರದ ಒಂದು ಕ್ಯಾನನ್ ಸಾಕೆಟ್ ಮತ್ತು ಒಂದು ಪಿ-38 ಸಾಕೆಟ್ ತರಿಸಿ, ಹಲಗೆಗೆ ಬಡಿದು ಇಟ್ಟುಕೊಳ್ಳಿ. ಬೆಸುಗೆ ಹಾಕುವಾಗ ಪಿನ್ನನ್ನು ಅದಕ್ಕೆ ಸಿಕ್ಕಿಸಿದರೆ ಅಲುಗುವುದಿಲ್ಲ, ಕಾವಿಗೆ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ನೆಟ್ಟಗೇ ನಿಲ್ಲುತ್ತದೆ. ಕ್ಯಾನನ್ನಿಗೆ 25 ವ್ಯಾಟಿನ ಕಡ್ಡಿ ನಡೆಯುತ್ತದೆ. ಪಿ-38ರ ಅರ್ತ್ ಎಲೆ ಶಾಖ ಹೀರಿಕೊಳ್ಳುತ್ತದೆ, ಅದಕ್ಕೆ 50-60 ವ್ಯಾಟ್ ಇದ್ದರೆ ಕೆಲಸ ಬೇಗ. ಬೆಸುಗೆಯ ಸೀಸ 63/37 (63 ಪಾಲು ತವರ, 37 ಪಾಲು ಸೀಸ) ಕೇಳಿ, 183 ಡಿಗ್ರಿಗೆ ಕರಗಿ ಕೂಡಲೇ ಗಟ್ಟಿಯಾಗುತ್ತದೆ. ಬೂಟನ್ನು ವಯರಿಗೆ ಮೊದಲೇ ತೂರಿಸಿ. ಇದನ್ನು ನಾನು ಮೊನ್ನೆಯೂ ಮರೆತೆ.

ಇಷ್ಟನ್ನೂ ಮೇ ತಿಂಗಳೊಳಗೆ ತರಿಸಿಟ್ಟುಕೊಂಡರೆ ಒಳ್ಳೆಯದು. ಜೂನ್ ಬಂತು ಅಂದರೆ ಪಾರ್ಸೆಲ್ ಬರುವುದು ತಡ, ಕರೆಂಟ್ ಇರುವ ಹೊತ್ತು ಕಾದು ಬೆಸುಗೆ ಕಡ್ಡಿ ಕಾಯಿಸಬೇಕಾಗುತ್ತದೆ.